ಹೊತ್ತು ನೋಡಿ ರೋಲ್ ಹಾಕಿ

ಸ್ಲೈಡ್ ಫಿಲ್ಮ್‌ನ ಡಬ್ಬಿಯ ಮೇಲೆ ಬರೆದಿರುವುದು ಪೂರ್ತಿ ಬೆಲೆಯಲ್ಲ. ತೊಳೆಸುವುದು, ಕೊರಿಯರ್, ಸ್ಕ್ಯಾನ್ ಎಲ್ಲ ಅದರ ಹಿಂದೆಯೇ ಬರುತ್ತವೆ. ಆಳಂದ, ಅಫಜಲಪುರ, ಜೇವರ್ಗಿಯಲ್ಲಿದ್ದುಕೊಂಡು ರೋಲ್ ಆರಿಸುವವರು ಅದು ದೊಡ್ಡ ಊರಿನ ಲ್ಯಾಬಿಗೆ ಹೋಗಿಬರುವ ದಾರಿಖರ್ಚನ್ನೂ ಮೊದಲೇ ಕೂಡಿಸಿಕೊಳ್ಳಬೇಕು.

*

36 ಚಿತ್ರದ ರೋಲ್‌ನ ಖರ್ಚನ್ನು 36ರಿಂದ ಭಾಗಿಸಬೇಡಿ. ಇಟ್ಟುಕೊಳ್ಳುವ ಹಾಗೆ ಬಂದ ಚಿತ್ರಗಳಿಂದ ಭಾಗಿಸಿ. ಸೋವಿಯ ರೋಲ್ ಎಷ್ಟೋ ಸಲ ತುಟ್ಟಿಯಾಗುವುದು ಈ ಲೆಕ್ಕದಲ್ಲೇ.

*

ಇಲ್ಲಿ ನೆಲ ಕಪ್ಪು, ಧೋತರ ಬಿಳಿ. ಸ್ಲೈಡ್ ಹಿಡಿದಿಡಬಲ್ಲ ಬೆಳಕಿನ ಅಂತರ ಸುಮಾರು 5 ಸ್ಟಾಪ್. ಏಪ್ರಿಲ್‌ನ ನಡುಮಧ್ಯಾಹ್ನ ಎರೆಹೊಲದಲ್ಲಿ ನಿಂತ ರೈತನ ರುಮಾಲು ಮತ್ತು ಅವನ ಕಾಲಡಿಯ ಮಣ್ಣು ಎರಡೂ ಇಷ್ಟರೊಳಗೆ ಹಿಡಿಸುವುದಿಲ್ಲ. ಒಂದು ಉಳಿದರೆ ಇನ್ನೊಂದು ಹೋಗುತ್ತದೆ. ಎಷ್ಟು ದುಡ್ಡು ಕೊಟ್ಟು ತಂದ ಫಿಲ್ಮ್ ಆದರೂ ಅಷ್ಟೇ. ಮುಂಜಾನೆ ಏಳಕ್ಕೆ ಅದೇ ಹೊಲಕ್ಕೆ ಹೋದರೆ ಅದೇ ಫಿಲ್ಮ್‌ನಲ್ಲಿ ಎರಡೂ ಉಳಿಯುತ್ತವೆ. ಈ ಬಯಲಿನಲ್ಲಿ ಮೊದಲು ಆರಿಸಬೇಕಾದದ್ದು ಹೊತ್ತು, ಫಿಲ್ಮ್ ಆಮೇಲೆ.

*

ನೆಗೆಟಿವ್ ಆದರೆ ಪ್ರಿಂಟ್ ಹಾಕುವವರು ನಮ್ಮ ತಪ್ಪನ್ನು ಅಷ್ಟಿಷ್ಟು ತಿದ್ದಿಕೊಡುತ್ತಾರೆ. ಸ್ಲೈಡ್‌ನಲ್ಲಿ ಕ್ಯಾಮೆರಾದೊಳಗೆ ಹೋದ ಫಿಲ್ಮೇ ಚಿತ್ರವಾಗಿ ಕೈಗೆ ಬರುತ್ತದೆ. ಬೆಳಕು ಹೆಚ್ಚಾದಲ್ಲಿ ಬಣ್ಣವೇ ಕಟ್ಟದೆ ಬರಿ ಹಾಳೆ ಉಳಿಯುತ್ತದೆ, ಅಲ್ಲಿಂದ ಸ್ಕ್ಯಾನರ್ ಏನನ್ನೂ ತೆಗೆಯಲಾರದು. ಅನುಮಾನ ಬಂದಾಗ ಅರ್ಧ ಸ್ಟಾಪ್ ಕಡಿಮೆಯೇ ಇರಲಿ.

*

ಎರೆಮಣ್ಣಿಗೆ ಮೀಟರ್ ಹಿಡಿದರೆ ಅದು ಕಪ್ಪನ್ನು ಬೂದುಬಣ್ಣಕ್ಕೆ ತರಲು ಹೋಗಿ ಚಿತ್ರ ಸುಟ್ಟುಹೋಗುತ್ತದೆ. ಧೋತರಕ್ಕೆ ಹಿಡಿದರೆ ಅದನ್ನೂ ಬೂದು ಮಾಡಿ ಚಿತ್ರಕ್ಕೆ ಕತ್ತಲೆ ಕವಿಸುತ್ತದೆ. ಅದೇ ಬಿಸಿಲಿಗೆ ಅಂಗೈ ಚಾಚಿ, ಅದನ್ನು ಅಳೆದು, ಒಂದು ಸ್ಟಾಪ್ ಹೆಚ್ಚು ತೆರೆಯಿರಿ. ಇದಕ್ಕಿಂತ ಕಡಿಮೆ ಖರ್ಚಿನ ಸಾಧನ ನನಗೆ ಗೊತ್ತಿಲ್ಲ.

*

ಮೀಟರ್ ಕೆಟ್ಟ ಹಳೆಯ ಕ್ಯಾಮೆರಾ ಇದ್ದವರೂ ಹಿಂಜರಿಯಬೇಕಿಲ್ಲ. 100 ಐಎಸ್‌ಒ ಫಿಲ್ಮ್, ಚೊಕ್ಕ ಬಿಸಿಲು, ಎಫ್ 16, ಸೆಕೆಂಡಿನ 125ನೇ ಒಂದು ಭಾಗ. ಮಳೆಗಾಲ ಕಳೆದ ಮೇಲೆ ನಮ್ಮ ಕಡೆ ಬಿಸಿಲು ಈ ಲೆಕ್ಕಕ್ಕೆ ಸಾಮಾನ್ಯವಾಗಿ ತಪ್ಪುವುದಿಲ್ಲ.

*

ಕೊಡಾಕ್‌ನ ಎಕ್ಟಾಕ್ರೋಮ್ 2012ರಲ್ಲಿ ನಿಂತಿತು, 2018ರಲ್ಲಿ ಇ100 ಆಗಿ ಮರಳಿತು. ಅದರ ಬಣ್ಣ ಕಂಡದ್ದನ್ನು ಕಂಡಂತೆ ಹೇಳುತ್ತದೆ. ಫ್ಯೂಜಿಯ ಪ್ರೊವಿಯಾ ಕೂಡ ಹೆಚ್ಚುಕಡಿಮೆ ಹಾಗೆಯೇ. 1990ರಲ್ಲಿ ಬಂದ ವೆಲ್ವಿಯಾ ಹಸಿರನ್ನೂ ಕೆಂಪನ್ನೂ ಉಕ್ಕಿಸುತ್ತದೆ. ನದಿ, ಬೆಳೆ, ಮೋಡಕ್ಕೆ ಒಳ್ಳೆಯದು. ಮುಖಕ್ಕೆ ಬೇಡ. ಬಿಸಿಲಿನಲ್ಲಿ ದುಡಿದ ಮೈಬಣ್ಣವನ್ನು ಅದು ಕೆಂಪಾಗಿಸಿ ಅನ್ಯಾಯ ಮಾಡುತ್ತದೆ.

*

ಅದೇ ಎಕ್ಟಾಕ್ರೋಮ್ ಸಿನಿಮಾದವರಿಗಾಗಿ 400 ಅಡಿಯ ಸುರುಳಿಯಲ್ಲಿ ಬರುತ್ತದೆ. ಅದನ್ನು ಕತ್ತರಿಸಿ ಡಬ್ಬಿಗೆ ತುಂಬಿ ಮಾರುವವರ ರೋಲ್ ಸ್ವಲ್ಪ ಅಗ್ಗ. ನಾಲ್ಕು ಜನ ಗೆಳೆಯರು ಸೇರಿ ಸುರುಳಿ ತರಿಸಿದರೆ ಇನ್ನೂ ಅಗ್ಗ: ನೂರು ಅಡಿಗೆ 36ರ ರೋಲ್ ಹದಿನೆಂಟು ಆಗುತ್ತವೆ. ತುಂಬುವಾಗ ಪೂರ್ತಿ ಕತ್ತಲೆ ಬೇಕು, ಕೈಯಲ್ಲಿ ಧೂಳಿರಬಾರದು. ಒಂದು ಕಣ ಸಿಕ್ಕರೆ ರೋಲ್ ಉದ್ದಕ್ಕೂ ಗೆರೆ ಬೀಳುತ್ತದೆ.

*

ವಿಮಾನದಿಂದ ನೆಲದ ನಕ್ಷೆ ತೆಗೆಯಲೆಂದು ಆಗ್ಫಾದವರು ಮಾಡಿದ ಅವಿಫಾಟ್ ಕ್ರೋಮ್ 200 ಬೇರೆ ಬೇರೆ ಹೆಸರಿನಲ್ಲಿ ಮಾರಾಟಕ್ಕೆ ಬಂದಿತ್ತು. ಹಳೆಯ ದಾಸ್ತಾನು ಸಿಕ್ಕರೆ ಒಮ್ಮೆ ಹಾಕಿ ನೋಡಬಹುದು. ಬಣ್ಣ ಸ್ವಲ್ಪ ಹಳದಿಗೆ ವಾಲುತ್ತದೆ. ತೊಗರಿ ಹೂಬಿಟ್ಟ ಹೊಲಕ್ಕೆ ಆ ವಾಲುವಿಕೆ ಒಪ್ಪುತ್ತದೆ. ನೆರಳಿನಲ್ಲೇ ಲೋಡ್ ಮಾಡಿ. ಅದರ ಪಾರದರ್ಶಕ ಹಾಳೆಯ ಅಂಚಿನಿಂದ ಬೆಳಕು ಒಳಗೆ ಹರಿಯುತ್ತದೆ.

*

ಕೊಡಾಕ್ರೋಮ್ ಕಡಿಮೆಗೆ ಸಿಗುತ್ತಿದೆ ಎಂದು ಯಾರಾದರೂ ಹೇಳಿದರೆ ಕೊಳ್ಳಬೇಡಿ. 1935ರಲ್ಲಿ ಹುಟ್ಟಿದ ಆ ಫಿಲ್ಮ್‌ಗೆ ತೊಳೆಯುವ ವಿಧಾನವೇ ಬೇರೆ. ಕೊನೆಯವರೆಗೆ ಅದನ್ನು ತೊಳೆಯುತ್ತಿದ್ದ ಅಮೆರಿಕದ ಕಾನ್ಸಾಸ್‌ನ ಡ್ವೇನ್ಸ್ ಫೋಟೊದವರು 2010ರ ಡಿಸೆಂಬರ್‌ವರೆಗೆ ರೋಲ್ ಪಡೆದು ಆ ಕೆಲಸ ನಿಲ್ಲಿಸಿದರು. ಛಾಯಾಗ್ರಾಹಕ ರಘುಬೀರ್ ಸಿಂಗ್ ಭಾರತದ ರಸ್ತೆ, ನದಿ, ಜಾತ್ರೆಗಳ ಬಣ್ಣವನ್ನು ಅದರಲ್ಲೇ ಹಿಡಿದಿಟ್ಟರು. ಆ ಬಣ್ಣ ನೋಡಬೇಕಾದರೆ ಅವರ ಪುಸ್ತಕ ತೆರೆಯಬೇಕು, ಅಷ್ಟೇ.

*

ಎಕ್ಸ್‌ಪೈರಿ ಮುಗಿದ ರೋಲ್ ಮಾರುವವರನ್ನು ಒಂದೇ ಪ್ರಶ್ನೆ ಕೇಳಿ: ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿರಿ? ಫ್ರಿಜ್ ಎಂದರೆ ಯೋಚಿಸಬಹುದು. ಕಪಾಟು ಎಂದರೆ ಬೇಡ. ಹಳತಾದ ಸ್ಲೈಡ್‌ನಲ್ಲಿ ಮೊದಲು ಮಾಸುವುದು ಕಪ್ಪು. ಕಪ್ಪು ಹೋದ ಮೇಲೆ ಜೇವರ್ಗಿಯ ಹೊಲದಲ್ಲಿ ಇನ್ನೇನು ತೆಗೆಯುತ್ತೀರಿ?

*

ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೈಕಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನ ಬೆಂದ ಹೊಸ ರೋಲ್‌ಗಿಂತ ತಂಪಿನಲ್ಲಿದ್ದ ಹಳೆಯ ರೋಲ್ ಮೇಲು. ಫ್ರಿಜ್‌ನಿಂದ ತೆಗೆದ ಡಬ್ಬಿಯನ್ನು ಕೂಡಲೇ ಬಿಚ್ಚಬೇಡಿ. ಹೊರಗಿನ ಬಿಸಿಗೆ ಅದು ಬೆವರುತ್ತದೆ.

*

ತೊಳೆಯುವ ಇ-6 ವಿಧಾನದಲ್ಲಿ ಮೊದಲ ಡೆವಲಪರ್ 38 ಡಿಗ್ರಿಯಲ್ಲಿ 6 ನಿಮಿಷ. ಬಿಸಿ ಆಚೀಚೆ ಆದರೆ ಸ್ಲೈಡ್ ಅದನ್ನು ಮರೆಮಾಚುವುದಿಲ್ಲ. ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ತಾನಾಗಿಯೇ ಆ ಬಿಸಿಯ ಹತ್ತಿರ ಬಂದಿರುತ್ತದೆ. ಮನೆಯಲ್ಲೇ ತೊಳೆಯಲು ಕಲಿಯುವವರಿಗೆ ಈ ಸುಡು ಬೇಸಿಗೆ ಒಂದು ನೆರವು. ಕಿಟ್ ಒಂದಕ್ಕೆ ಹಲವು ರೋಲ್ ಆಗುತ್ತವೆ, ಆದ್ದರಿಂದ ರೋಲ್‌ಗಳನ್ನು ಕೂಡಿಟ್ಟು ಒಟ್ಟಿಗೆ ತೊಳೆಯಬೇಕು. ಲ್ಯಾಬಿಗೆ ಕಳಿಸುವವರು ಮೌಂಟ್ ಹಾಕದೆ ಉದ್ದಕ್ಕೇ ಕೊಡಿ ಎಂದರೆ ಅಲ್ಲೂ ಒಂದಿಷ್ಟು ಉಳಿಯುತ್ತದೆ.

*

ಒಂದು ರೋಲ್‌ಗೆ ಒಂದು ನದಿ. ಆಳಂದದ ಕಡೆಯಿಂದ ಅಮರ್ಜಾ ಹರಿದು ಬಂದು ಅಫಜಲಪುರ ತಾಲೂಕಿನ ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಭೀಮೆ ಮುಂದೆ ಜೇವರ್ಗಿಯ ಕಡೆ ನಡೆಯುತ್ತದೆ. ಮೂರು ತಾಲೂಕು, ಒಂದೇ ನೀರು. ದಂಡೆಯಲ್ಲಿ ಬಟ್ಟೆ ಒಗೆಯುವವರು, ಸಂಗಮದಲ್ಲಿ ಮುಳುಗೇಳುವ ಭಕ್ತರು, ಕಬ್ಬಿಗೆ ನೀರೆತ್ತುವ ಪಂಪು. ವಿಷಯ ಒಂದೇ ಆದಾಗ ಕೈ ಕಂಡಕಂಡಲ್ಲಿ ಬಟನ್ ಒತ್ತುವುದಿಲ್ಲ.

*

ಎಳ್ಳಮಾಸಿಯ ದಿನ ಹೊಲದಲ್ಲಿ ಸಜ್ಜಿ ರೊಟ್ಟಿ, ಭಜ್ಜಿ, ಕಡಬು ಬಿಚ್ಚಿ, ಪೂಜೆ ಮುಗಿಸಿ, ಹಿರಿಯರು ಚರಗ ಚೆಲ್ಲುತ್ತಾರೆ. ಕೈಯಿಂದ ಬಿಟ್ಟ ತುತ್ತು ಜೋಳದ ತೆನೆಯ ಮೇಲೆ ಗಾಳಿಯಲ್ಲಿರುವುದು ಒಂದೇ ಕ್ಷಣ. ಎಫ್ 8, 500ನೇ ಒಂದು ಭಾಗ, ಬಿಸಿಲು ಬೆನ್ನಿಗೆ. ಒಂದೇ ಚಿತ್ರ ತೆಗೆದು ಕ್ಯಾಮೆರಾ ಇಳಿಸಿ ಊಟಕ್ಕೆ ಕೂಡಬೇಕು. ಕರೆದವರ ಬುತ್ತಿಯ ಮುಂದೆ ಮೀಟರ್ ನೋಡುತ್ತ ನಿಲ್ಲುವುದು ಚೆಂದವಲ್ಲ.

*

ಹಿಂದೆ ಟಾಕೀಸಿನಲ್ಲಿ ಸಿನಿಮಾ ಶುರುವಾಗುವ ಮೊದಲು ಬಟ್ಟೆಯಂಗಡಿ, ಬಂಗಾರದಂಗಡಿಯ ಸ್ಲೈಡ್ ಬೀಳುತ್ತಿತ್ತು. ಇಡೀ ಊರು ಒಂದೇ ಬೆಳಕಿನಲ್ಲಿ ಅದನ್ನು ಓದುತ್ತಿತ್ತು. ಸ್ಲೈಡ್ ಹುಟ್ಟಿದ್ದೇ ಕೂಡಿ ನೋಡುವುದಕ್ಕೆ. ಹಳೆಯ ಪ್ರೊಜೆಕ್ಟರ್ ಒಂದು ಹೊಂದಿಸಿಕೊಂಡರೆ ಶಾಲೆಯ ಸುಣ್ಣದ ಗೋಡೆ ಸಾಕು.

*

ಸ್ಲೈಡ್ ಇರುವುದು ಒಂದೇ. ಅದು ತೆಗೆದವರ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಹೊಲದಲ್ಲಿ ನಿಂತುಕೊಟ್ಟವರು ‘ನಮಗೊಂದು ಫೋಟೊ ಕೊಡ್ರಿ’ ಎಂದು ಕೇಳಿಯೇ ಕೇಳುತ್ತಾರೆ. ಸ್ಕ್ಯಾನ್ ಮಾಡಿಸಿ, ಊರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಅವರ ಮನೆಗೆ ಮುಟ್ಟಿಸುವ ದುಡ್ಡನ್ನೂ ರೋಲ್ ಕೊಳ್ಳುವಾಗಲೇ ತೆಗೆದಿಡಬೇಕು. ಅಷ್ಟು ಉಳಿಯದಿದ್ದರೆ ಆ ತಿಂಗಳು ರೋಲ್ ಬೇಡ.