ಬಾಯಾರಿಕೆ ಮತ್ತು ತಣ್ಹಾ

ಇಂದಿನ ಚಿಂತನೆ ಬರೆಯುವ ಸರದಿ ನನ್ನದು.

ಪಾಲಿಯ 'ತಣ್ಹಾ' ಪದದ ಮೂಲ ಅರ್ಥ ಬಾಯಾರಿಕೆ. ಎರಡನೆಯ ಆರ್ಯಸತ್ಯ ಓದುವಾಗ ನಾವು ಅದನ್ನು 'ಆಸೆ' ಎಂದು ಹೇಳಿ ಮುಂದೆ ಹೋಗುತ್ತೇವೆ. ನನಗೆ ಹಾಗೆ ಹೋಗಲಾಗುವುದಿಲ್ಲ. ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುವವನು ನಾನು. ಮೂತ್ರ ಹೆಚ್ಚುಕಡಿಮೆ ನಿಂತಿದೆ. ಕುಡಿದದ್ದು ಮೈಯಲ್ಲೇ ಉಳಿಯುತ್ತದೆ. 1 ಲೀಟರ್ ಉಳಿದರೆ ತೂಕದಲ್ಲಿ 1 ಕಿಲೋ ಜಾಸ್ತಿ. ಅಷ್ಟನ್ನೂ ಯಂತ್ರ ಎಳೆದು ತೆಗೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಆದ್ದರಿಂದ ಡಾಕ್ಟರ್ ಹೇಳಿದ ಅಳತೆಯಷ್ಟು ನೀರನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಡುತ್ತೇನೆ. ಚಹಾ ಕುಡಿದರೆ ಅಷ್ಟು ನೀರು ಅದರಿಂದ ಚೆಲ್ಲಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ.

"ತಣ್ಹಾ ಗೆದ್ದರೆ ಬಾಯಾರಿಕೆಯೂ ಹೋಗುತ್ತದೆ" ಎಂದು ಬಂಧುವೊಬ್ಬರು ಪ್ರೀತಿಯಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ಮಹಾಪರಿನಿಬ್ಬಾಣ ಸುತ್ತ ತೆಗೆದು ನೋಡಿ. ಚುಂದನ ಮನೆಯ ಊಟದ ನಂತರ ರಕ್ತಭೇದಿಯಾಗಿ, ಕುಸಿನಾರದ ದಾರಿಯಲ್ಲಿ ಬುದ್ಧರು ಮರದ ಕೆಳಗೆ ಕೂತುಬಿಡುತ್ತಾರೆ. ಆನಂದನಿಗೆ ನೀರು ತರಲು ಹೇಳುತ್ತಾರೆ. ಆಗಷ್ಟೇ 500 ಬಂಡಿಗಳು ದಾಟಿ ಹಳ್ಳ ಬಗ್ಗಡವಾಗಿದೆ, ಮುಂದೆ ಕಕುತ್ಥಾ ನದಿಯಿದೆ ಎನ್ನುತ್ತಾನೆ ಆನಂದ. ಅವರು ಮತ್ತೆ ಕೇಳುತ್ತಾರೆ. ಮೂರನೆಯ ಸಲವೂ ಕೇಳುತ್ತಾರೆ. ತಣ್ಹಾ ಅಳಿದು 45 ವರ್ಷವಾಗಿದ್ದವರು ಅವರು! ಗಂಟಲು ಮಾತ್ರ ಒಣಗಿತ್ತು.

ಪಟಿಚ್ಚ ಸಮುಪ್ಪಾದದಲ್ಲಿ ವೇದನೆ ಮೊದಲು, ತಣ್ಹಾ ಆಮೇಲೆ. ಮಧ್ಯಾಹ್ನ ನಾಲಿಗೆ ಅಂಗಳಕ್ಕೆ ಅಂಟುವುದು ವೇದನೆ. ಅದಕ್ಕೆ ನಾನು ಕಂಡ ಮದ್ದು ಉಪ್ಪು ಕಡಿಮೆ ಮಾಡುವುದು, ಬಾಯಿ ಮುಕ್ಕಳಿಸಿ ಉಗುಳುವುದು; ಧ್ಯಾನದಿಂದ ಅದು ಹೋಗಿಲ್ಲ. "ಇವರೆಲ್ಲ ಚೊಂಬುಗಟ್ಟಲೆ ಕುಡಿಯುತ್ತಾರೆ, ನನಗೇ ಯಾಕೆ ಹೀಗೆ" ಎಂದು ಕುದಿಯುತ್ತದಲ್ಲ, ತಣ್ಹಾ ಇರುವುದು ಅಲ್ಲಿ. ಉಸಿರು ಗಮನಿಸಿದರೆ ಕೆಲವು ದಿನ ಅದು ಇಳಿಯುತ್ತದೆ. ಕೆಲವು ದಿನ ಹೆಂಡತಿಯ ಮೇಲೆ ರೇಗುತ್ತೇನೆ.

ತನಗೆ ಹಿತವಾದುದರ ಅಳತೆ ತಿಳಿದ ರೋಗಿಯನ್ನು, ಇದ್ದದ್ದನ್ನು ಇದ್ದ ಹಾಗೆ ಹೇಳುವ ರೋಗಿಯನ್ನು ನೋಡಿಕೊಳ್ಳುವುದು ಸುಲಭ ಎಂದು ವಿನಯಪಿಟಕದಲ್ಲಿದೆ. ಹಾಗಾಗಿ ಹೇಳಿಯೇ ಬಿಡುತ್ತೇನೆ: ನೋಡಲು ಬರುವವರು ದಯವಿಟ್ಟು ಎಳನೀರು ತರಬೇಡಿ. ಅದರ ಪೊಟ್ಯಾಸಿಯಂ ನನ್ನಂಥವರ ಹೃದಯಕ್ಕೆ ಅಪಾಯ. ನನ್ನೆದುರು ನೀವು ನೀರು ಕುಡಿಯಲು ಸಂಕೋಚಪಡಬೇಕಿಲ್ಲ. ಸೋಮ, ಬುಧ, ಶುಕ್ರ ಡಯಾಲಿಸಿಸ್ ಮುಗಿಸಿ ಬಂದರೆ ಸಂಜೆಯವರೆಗೂ ಏಳಲಾಗುವುದಿಲ್ಲ. ಉಳಿದ ದಿನ ಬನ್ನಿ, ಕೂತು ಓದೋಣ.

ನಮೋ ಬುದ್ಧಾಯ, ಜೈ ಭೀಮ್ 🙏