ಸೇವೆಯ ಲೆಕ್ಕ: ವೃದ್ಧಾಶ್ರಮದ ಆರೈಕೆಯನ್ನು ಅಳೆಯುವ ಪ್ರಶ್ನೆ

ವೃದ್ಧಾಶ್ರಮವೊಂದರ ಆರೈಕೆ ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ಯಾವುದನ್ನು ನೋಡಿ ತೀರ್ಮಾನಿಸಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಆಡಳಿತಕ್ಕೆ ಸೇರಿದ್ದು. ಕಟ್ಟಡ, ಸಿಬ್ಬಂದಿ, ಔಷಧ, ಊಟ, ಶೌಚಾಲಯಗಳ ಪಟ್ಟಿ ಹಿಡಿದು ಬಂದ ಅಧಿಕಾರಿಯೊಬ್ಬ ಅರ್ಧ ದಿನದಲ್ಲಿ ಉತ್ತರಿಸಬಹುದಾದದ್ದು. ಆದರೆ ಭಾರತದಲ್ಲಿ ಈ ಪ್ರಶ್ನೆ ಅಷ್ಟಕ್ಕೇ ನಿಲ್ಲುವುದಿಲ್ಲ, ಏಕೆಂದರೆ ಇಲ್ಲಿ ಎಷ್ಟೋ ವೃದ್ಧಾಶ್ರಮಗಳು ಮಠ, ಚರ್ಚು, ಧರ್ಮದತ್ತಿಗಳ ಆಶ್ರಯದಲ್ಲಿ ನಡೆಯುತ್ತವೆ, ತಾವು ಮಾಡುತ್ತಿರುವುದು ಸೇವೆ ಎಂದು ನಂಬಿಕೊಂಡಿರುತ್ತವೆ, ಮತ್ತು ಸೇವೆಗೆ ಲೆಕ್ಕ ಕೇಳುವುದು ಕೃತಘ್ನತೆ ಎಂಬ ಭಾವನೆ ಸಮಾಜದಲ್ಲಿ ಆಳವಾಗಿ ಬೇರೂರಿದೆ. ಈ ಭಾವನೆಗೆ ಭಾರತದ ಧರ್ಮಪರಂಪರೆಗಳಲ್ಲಿ ಆಧಾರ ಸಿಗುವುದು ಕಷ್ಟ. ಆರೈಕೆಯನ್ನು ಪುಣ್ಯವೆಂದೂ ತಪಸ್ಸೆಂದೂ ಎತ್ತಿಹಿಡಿದ ಗ್ರಂಥಗಳೇ ಅದಕ್ಕೆ ಲಕ್ಷಣಗಳನ್ನು ಹೇಳಿವೆ, ಆರೈಕೆ ಮಾಡುವವನ ಅರ್ಹತೆಯನ್ನು ಪರೀಕ್ಷಿಸಿವೆ, ಕೆಲವೆಡೆ ಆರೈಕೆ ಮಾಡದವರಿಗೆ ದೋಷವನ್ನೂ ವಿಧಿಸಿವೆ.

ಆಧುನಿಕ ಕಾಲದಲ್ಲಿ ಈ ಬಗೆಯ ಅಳತೆಗೆ ಅಡಿಪಾಯ ಹಾಕಿದವರು, ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ, ಆರ್ಮೇನಿಯನ್ ಮೂಲದ ವೈದ್ಯ ಅವೆಡಿಸ್ ಡೊನಬೇಡಿಯನ್. 1966ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವರು ವೈದ್ಯಕೀಯ ಆರೈಕೆಯ ಗುಣವನ್ನು ಮೂರು ನೆಲೆಗಳಲ್ಲಿ ನೋಡಬೇಕೆಂದರು: ಕಟ್ಟಡ, ಉಪಕರಣ, ಸಿಬ್ಬಂದಿಯ ಸಂಖ್ಯೆ ಮತ್ತು ತರಬೇತಿ ಇವು ಸೇರಿದ ವ್ಯವಸ್ಥೆ, ರೋಗಿಗೆ ನಿಜವಾಗಿ ಏನನ್ನು, ಯಾವಾಗ, ಹೇಗೆ ಮಾಡಲಾಯಿತು ಎಂಬ ಕ್ರಿಯೆ, ಕೊನೆಗೆ ಅದರಿಂದ ರೋಗಿಗೆ ಆದ ಫಲ. ಆಸ್ಪತ್ರೆಯಲ್ಲಿ ಫಲವೆಂದರೆ ಗುಣವಾಗುವುದು ಎಂದು ಸುಲಭವಾಗಿ ಹೇಳಬಹುದು. ವೃದ್ಧಾಶ್ರಮದಲ್ಲಿ ಹಾಗೆ ಹೇಳಲಾಗದು, ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ದಿನೇ ದಿನೇ ಕುಗ್ಗುತ್ತ ಹೋಗುವವರು, ಮತ್ತು ಅತ್ಯುತ್ತಮ ಆರೈಕೆ ಪಡೆದವರೂ ಅಲ್ಲಿಯೇ ತೀರಿಕೊಳ್ಳುವವರು. ಆದ್ದರಿಂದ ಅಲ್ಲಿ ಫಲವನ್ನು ಅಳೆಯಬೇಕಾದವರು ಮೊದಲು ಒಂದು ತಾತ್ವಿಕ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ: ಚೇತರಿಕೆಯ ನಿರೀಕ್ಷೆಯಿಲ್ಲದ ಬದುಕಿನಲ್ಲಿ ಒಳ್ಳೆಯದು ಎಂದರೇನು?

ಈ ಪ್ರಶ್ನೆಯನ್ನು ಎದುರಿಸದೆ ಅಂಕಿಗಳನ್ನು ಮಾತ್ರ ಹಿಡಿದು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. 1987ರ ಕಾನೂನು ಅಲ್ಲಿನ ಆರೈಕೆ ಗೃಹಗಳಲ್ಲಿ ನಿವಾಸಿಗಳನ್ನು ಶಿಸ್ತಿಗಾಗಲಿ ಸಿಬ್ಬಂದಿಯ ಅನುಕೂಲಕ್ಕಾಗಲಿ ಮಂಚಕ್ಕೋ ಕುರ್ಚಿಗೋ ಕಟ್ಟಿಹಾಕುವುದನ್ನು, ಮಂಕು ಬರಿಸುವ ಔಷಧ ಕೊಟ್ಟು ಸುಮ್ಮನಾಗಿಸುವುದನ್ನು ನಿಷೇಧಿಸಿತು. ಕಟ್ಟಿಹಾಕುವ ಪದ್ಧತಿ ಅದರಿಂದ ಬಹುಮಟ್ಟಿಗೆ ಇಳಿಯಿತು, ಅದು ದೊಡ್ಡ ಸಾಧನೆಯೇ ಸರಿ. 2008ರಿಂದ ಪ್ರತಿಯೊಂದು ಗೃಹಕ್ಕೂ ಒಂದರಿಂದ ಐದು ನಕ್ಷತ್ರಗಳನ್ನು ಕೊಡುವ ಕ್ರಮ ಬಂತು. ಮನೋವಿಕಾರದ ಔಷಧಗಳನ್ನು ಎಷ್ಟು ಜನರಿಗೆ ಕೊಡಲಾಗುತ್ತಿದೆ ಎಂಬುದನ್ನೂ ಎಣಿಸತೊಡಗಿದಾಗ, ಆ ಔಷಧಗಳ ಅಗತ್ಯವಿದೆಯೆಂಬ ಕಾರಣಕ್ಕೆ ಸ್ಕಿಜೋಫ್ರೇನಿಯಾ ಇರುವವರನ್ನು ಎಣಿಕೆಯಿಂದ ಹೊರಗಿಡಲಾಯಿತು. ಸಾಮಾನ್ಯವಾಗಿ ಯೌವನದಲ್ಲೇ ಕಾಣಿಸಿಕೊಳ್ಳುವ ಆ ಕಾಯಿಲೆಯ ಹೆಸರು ಅದಾದ ಮೇಲೆ ಎಷ್ಟೋ ವೃದ್ಧರ ಕಡತಗಳಲ್ಲಿ ತಕ್ಕ ಆಧಾರವಿಲ್ಲದೆ ಸೇರಿಕೊಂಡಿತು, 2023ರಲ್ಲಿ ಅಲ್ಲಿನ ಸರ್ಕಾರ ಈ ಕಡತಗಳನ್ನೇ ತಪಾಸಣೆ ಮಾಡಬೇಕಾಯಿತು. ಕಾಗದದ ಮೇಲೆ ಅಂಕಿ ಸುಧಾರಿಸಿತ್ತು, ಮಂಕು ಕವಿದ ಮುದುಕ ಕುರ್ಚಿಯಲ್ಲಿ ಹಾಗೆಯೇ ಕುಳಿತಿದ್ದ.

ಇಷ್ಟರಿಂದ ಅಳತೆಯೇ ವ್ಯರ್ಥವೆಂದು ಹೇಳುವುದು ಅವಸರದ ಮಾತಾಗುತ್ತದೆ. ಹಾಸಿಗೆ ಹಿಡಿದವರ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಏಳುವ ಹುಣ್ಣನ್ನು ನೋಡಬಹುದು: ಮೈಯ ಒಂದೇ ಭಾಗ ಬಹಳ ಹೊತ್ತು ಒತ್ತಿಕೊಂಡಿದ್ದು ರಕ್ತಸಂಚಾರ ನಿಂತಾಗ, ಒದ್ದೆಯ ಬಟ್ಟೆ ಬದಲಿಸದೆ ಉಳಿದಾಗ ಆ ಹುಣ್ಣು ಹುಟ್ಟುತ್ತದೆ, ಮತ್ತು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರೆ ಬಹುಮಟ್ಟಿಗೆ ತಡೆಯಬಹುದು. ಹೀಗಾಗಿ ಹುಣ್ಣುಗಳ ಎಣಿಕೆ ಬರಿಯ ಅಂಕಿಯಾಗಿ ಉಳಿಯದೆ, ಯಾರೂ ನೋಡದ ರಾತ್ರಿ ಮೂರು ಗಂಟೆಯ ಹೊತ್ತಿನಲ್ಲಿ ಆಯಾ ಎದ್ದು ಬಂದಳೇ ಇಲ್ಲವೇ ಎಂಬುದನ್ನು ಹೇಳುವ ಗುರುತಾಗುತ್ತದೆ. ತೂಕ ಇಳಿಯುವುದು, ಮೂತ್ರದ ಸೋಂಕು ಮರಳಿ ಮರಳಿ ಬರುವುದು ಇವೂ ಅಂತಹವೇ. ಬೀಳುವುದರ ಎಣಿಕೆ ಮಾತ್ರ ಇಷ್ಟು ಸರಳವಲ್ಲ, ಏಕೆಂದರೆ ಯಾರನ್ನೂ ನಡೆಯಲು ಬಿಡದ ಮನೆಯಲ್ಲಿ ಯಾರೂ ಬೀಳುವುದಿಲ್ಲ. ಅಂಗಳದಲ್ಲಿ ಒಂದು ಸುತ್ತು ಹಾಕಬೇಕೆಂಬ ವೃದ್ಧೆಯ ಆಸೆಯನ್ನು ಸುರಕ್ಷತೆಯ ಹೆಸರಿನಲ್ಲಿ ಕಿತ್ತುಕೊಳ್ಳುವುದು ಕೂಡ ಒಂದು ಹಾನಿ, ಆದರೆ ಆ ಹಾನಿಯನ್ನು ಬರೆದುಕೊಳ್ಳುವ ಅಂಕಣ ತಪಾಸಣೆಯ ಹಾಳೆಯಲ್ಲಿ ಅಪರೂಪ.

ಉಪಯೋಗವಿಲ್ಲದ ಬದುಕಿಗೆ ಬೆಲೆ ಏನು ಎಂಬ ಮಾತನ್ನು ಇಷ್ಟೇ ನೇರವಾಗಿ ಎತ್ತಿಕೊಂಡ ಪ್ರಸಂಗ ಬೌದ್ಧರ ವಿನಯಪಿಟಕದಲ್ಲಿ, ಅಂದರೆ ಸಂಘದ ನಿಯಮಗಳನ್ನು ಒಳಗೊಂಡ ಗ್ರಂಥಭಾಗದಲ್ಲಿ, ಮಹಾವಗ್ಗದಲ್ಲಿದೆ. ಆಮಶಂಕೆಯಿಂದ ಬಳಲಿ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಕಂಡು, ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ವಿಚಾರಿಸಿದಾಗ, ತನ್ನಿಂದ ಇತರ ಭಿಕ್ಷುಗಳಿಗೆ ಯಾವ ಉಪಯೋಗವೂ ಇಲ್ಲ, ಆದ್ದರಿಂದ ಅವರು ತನ್ನನ್ನು ನೋಡಿಕೊಳ್ಳುವುದಿಲ್ಲ ಎಂದು ಅವನು ಉತ್ತರಿಸುತ್ತಾನೆ. ಆ ಉತ್ತರದಲ್ಲಿ ದೂರಿಲ್ಲ, ಉಪಯೋಗವಿಲ್ಲದವನಿಗೆ ಆರೈಕೆಯ ಹಕ್ಕೂ ಇಲ್ಲವೆಂಬುದನ್ನು ರೋಗಿಯೇ ಒಪ್ಪಿಕೊಂಡಂತಿದೆ, ಮತ್ತು ಇದೇ ಈ ಪ್ರಸಂಗದ ಅತ್ಯಂತ ನೋವಿನ ಭಾಗ. ಬುದ್ಧ ನೀರು ಹಾಕುತ್ತಾನೆ, ಶಿಷ್ಯ ಆನಂದ ಮೈ ತೊಳೆಯುತ್ತಾನೆ, ಇಬ್ಬರೂ ಸೇರಿ ತಲೆ ಮತ್ತು ಕಾಲು ಹಿಡಿದು ಎತ್ತಿ ಮಲಗಿಸುತ್ತಾರೆ; ಆಮೇಲೆ ಸಂಘವನ್ನು ಕರೆಸಿ, ತನ್ನ ಸೇವೆ ಮಾಡಬಯಸುವವನು ರೋಗಿಯ ಸೇವೆ ಮಾಡಲಿ ಎಂಬರ್ಥದ ಪ್ರಸಿದ್ಧ ಆದೇಶವನ್ನು ಬುದ್ಧ ಕೊಡುತ್ತಾನೆ.

ಪ್ರಸಂಗ ಅಲ್ಲಿಗೆ ಮುಗಿದಿದ್ದರೆ ಅದು ಕರುಣೆಯ ಕಥೆಯಾಗಿ ಮಾತ್ರ ಉಳಿಯುತ್ತಿತ್ತು. ವಿನಯಪಿಟಕ ಮುಂದುವರಿದು ಶುಶ್ರೂಷಕನಿಗೆ ಇರಬೇಕಾದ ಐದು ಗುಣಗಳನ್ನು ಹೇಳುತ್ತದೆ: ಔಷಧವನ್ನು ಸಿದ್ಧಪಡಿಸಲು ಬಲ್ಲವನಾಗಿರಬೇಕು, ರೋಗಿಗೆ ಪಥ್ಯವೇನು, ಅಪಥ್ಯವೇನು ಎಂದು ತಿಳಿದು ಪಥ್ಯವಾದದ್ದನ್ನೇ ತರಬೇಕು, ಲಾಭದ ಆಸೆಯಿಂದಲ್ಲದೆ ಮೈತ್ರಿಯ ಮನಸ್ಸಿನಿಂದ ನೋಡಿಕೊಳ್ಳಬೇಕು, ಮಲ, ಮೂತ್ರ, ಉಗುಳು, ವಾಂತಿಗಳನ್ನು ತೆಗೆಯಲು ಹೇಸಬಾರದು, ಆಗಾಗ ಧರ್ಮದ ಮಾತಾಡಿ ರೋಗಿಯ ಮನಸ್ಸಿಗೆ ಹುರುಪು ತುಂಬಬೇಕು. ಇಲ್ಲಿ ಗಮನಿಸಬೇಕಾದದ್ದು ಈ ಗುಣಗಳನ್ನು ಒಟ್ಟಿಗೆ ಇಟ್ಟ ಬಗೆ. ಮೈತ್ರಿಯನ್ನು ಅಳತೆಗೆ ಸಿಗದ ಅಂತರಂಗದ ವಿಷಯವೆಂದು ಬೇರೆಯಾಗಿ ಎತ್ತಿಡದೆ, ಕೌಶಲದ ಪಕ್ಕದಲ್ಲೇ, ಮಲ ತೆಗೆಯುವ ಕೆಲಸದ ಪಕ್ಕದಲ್ಲೇ ಇರಿಸಲಾಗಿದೆ. ಪ್ರೀತಿಯಿದೆ ಎಂದು ಹೇಳಿಕೊಂಡು ಪಥ್ಯ ತಿಳಿಯದವನೂ, ಪಥ್ಯ ತಿಳಿದು ಹೇಸುವವನೂ ಈ ಕೆಲಸಕ್ಕೆ ತಕ್ಕವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳುವಾಗ, ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಅರ್ಹತೆಗಳನ್ನು ಎಣಿಸುವುದೂ ಇದೇ ದಾರಿಯಲ್ಲಿ.

ಜೈನ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿದೆ. ತತ್ತ್ವಾರ್ಥಸೂತ್ರವು ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವನ್ನು, ಅಂದರೆ ರೋಗಿಗಳೂ ತಪಸ್ವಿಗಳೂ ಸೇರಿದಂತೆ ಸಂಘದವರಿಗೆ ಮಾಡುವ ಶುಶ್ರೂಷೆಯನ್ನು, ಒಂದಾಗಿ ಎಣಿಸುತ್ತದೆ. ಧ್ಯಾನವೂ ಅದೇ ಪಟ್ಟಿಯಲ್ಲಿದೆ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಮೂಲನೆಲೆಯಾದ ಭಗವತೀ ಆರಾಧನೆ ಎಂಬ ಪ್ರಾಕೃತ ಗ್ರಂಥವು, ಸಲ್ಲೇಖನ ವ್ರತ ಕೈಗೊಂಡು ಸಾವನ್ನು ಎದುರುನೋಡುತ್ತಿರುವ ಮುನಿಯ ಸುತ್ತ ಇರಬೇಕಾದ ನಿರ್ಯಾಪಕರನ್ನು, ಎಂದರೆ ಆ ಕೊನೆಯ ಪಯಣದಲ್ಲಿ ನೆರವಾಗುವ ಮುನಿಗಳನ್ನು, 48 ಎಂದು ಹೇಳಿ ಅವರಿಗೆ ಕೆಲಸಗಳನ್ನು ಹಂಚಿಕೊಡುತ್ತದೆ: ಮುಟ್ಟಿ ಏಳಿಸಿ ಕೂರಿಸುವವರು, ಧರ್ಮಕಥೆ ಹೇಳುವವರು, ಮಲಮೂತ್ರ ತೆಗೆಯುವವರು, ಬಾಗಿಲು ಕಾಯುವವರು ಹೀಗೆ. ಅಷ್ಟು ಮಂದಿ ಸಿಗದ ಕಾಲದಲ್ಲಿ ಸಂಖ್ಯೆಯನ್ನು ಇಳಿಸಬಹುದು, ಆದರೆ ಇಬ್ಬರಿಗಿಂತ ಕಡಿಮೆ ಮಾಡುವಂತಿಲ್ಲ, ಏಕೆಂದರೆ ಒಬ್ಬನೇ ಇದ್ದರೆ ಅವನು ತನ್ನನ್ನೂ ಕೆಡಿಸಿಕೊಳ್ಳುತ್ತಾನೆ, ಆರೈಕೆಯಲ್ಲಿರುವವನನ್ನೂ ಕೆಡಿಸುತ್ತಾನೆ. ರಾತ್ರಿಪಾಳಿಯಲ್ಲಿ ಒಬ್ಬಳೇ ಆಯಾ ಇಡೀ ಮಹಡಿಯನ್ನು ನೋಡಿಕೊಳ್ಳಬೇಕಾಗಿ ಬರುವ ಇಂದಿನ ವ್ಯವಸ್ಥೆಯ ಮುಂದೆ ಈ ನಿಯಮವನ್ನು ಇಟ್ಟು ನೋಡಿದರೆ, ಸಿಬ್ಬಂದಿಯ ಕನಿಷ್ಠ ಸಂಖ್ಯೆ ಎಂಬುದು ಧರ್ಮಕ್ಕೆ ಹೊರಗಿನ ಸರ್ಕಾರಿ ಕಟ್ಟಳೆಯೆಂದು ಹೇಳುವವರ ವಾದ ನಿಲ್ಲುವುದಿಲ್ಲ.

ಇಷ್ಟಾಗಿಯೂ ಒಂದು ತೊಡಕು ಉಳಿಯುತ್ತದೆ. ಶುಶ್ರೂಷೆಯನ್ನು ಪುಣ್ಯವೆಂದು ತಿಳಿದಾಗ, ಶುಶ್ರೂಷೆ ಪಡೆಯುವವನು ಇನ್ನೊಬ್ಬರ ಪುಣ್ಯಕ್ಕೆ ಸಾಧನವಾಗಿಬಿಡುವ ಅಪಾಯವಿದೆ. ಹುಟ್ಟುಹಬ್ಬಕ್ಕೋ ತಿಥಿಗೋ ವೃದ್ಧಾಶ್ರಮದಲ್ಲಿ ಊಟ ಹಾಕಿಸುವುದು ಕರ್ನಾಟಕದ ಪಟ್ಟಣಗಳಲ್ಲಿ ಈಗ ರೂಢಿಯಾಗಿದೆ. ಅದು ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ ರೂಢಿ. ಆದರೆ ದಾನಿಗಳು ಬರುವವರೆಗೆ ಎಲೆಯ ಮುಂದೆ ಕಾಯಬೇಕಾದ ಸಕ್ಕರೆ ಕಾಯಿಲೆಯವರು, ಫೋಟೋಕ್ಕೆ ನಗಬೇಕಾದ ಹಿರಿಯರು, ಸಿಹಿ ಬೇಡವೆಂದರೆ ಒರಟರೆನಿಸಿಕೊಳ್ಳುವವರು ಅಲ್ಲಿ ಅನ್ನದ ಜೊತೆಗೆ ಕೃತಜ್ಞತೆಯ ಸಾಲವನ್ನೂ ಹೊರುತ್ತಾರೆ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ದಾನವನ್ನು ಹೇಳುವಾಗ ಶ್ರದ್ಧೆಯ ಜೊತೆಗೆ ಸಂಕೋಚವನ್ನೂ ಭಯವನ್ನೂ ಸೇರಿಸುವುದು ಈ ಅಪಾಯವನ್ನು ಅರಿತೇ ಇರಬೇಕು. ಶರಣರ ದಾಸೋಹ, ಅಂದರೆ ತನ್ನ ಕಾಯಕದ ಫಲವನ್ನು ಸಮುದಾಯಕ್ಕೆ ಅರ್ಪಿಸುವಾಗ ಕೊಡುವವನೇ ತನ್ನನ್ನು ಸೇವಕನೆಂದು ತಿಳಿಯುವ ಆಚಾರ, ಕೊಡುವವನ ಎತ್ತರವನ್ನೇ ಕಳಚಿಹಾಕಲು ಯತ್ನಿಸಿತು. ಸಾಲದ ಭಾರ ಹೊತ್ತವನನ್ನು ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾನೆ. ಹೋಗಲು ಬೇರೆ ಮನೆಯಿಲ್ಲದವನು, ನಾಳೆಯೂ ಅದೇ ಆಯಾಳ ಕೈಯಿಂದ ಸ್ನಾನ ಮಾಡಿಸಿಕೊಳ್ಳಬೇಕಾದವನು, ಇನ್ನೇನು ಹೇಳಲು ಸಾಧ್ಯ? ಆದಕಾರಣ ನಿವಾಸಿಗಳ ತೃಪ್ತಿಯನ್ನು ಪ್ರಶ್ನಾವಳಿಯಿಂದ ತಿಳಿಯುವ ಕ್ರಮವನ್ನು ಪೂರ್ಣ ನಂಬುವಂತಿಲ್ಲ, ಬದುಕಿನ ನಿರೀಕ್ಷೆಗಳನ್ನೇ ಕುಗ್ಗಿಸಿಕೊಂಡವರು ಸ್ವಲ್ಪಕ್ಕೇ ತೃಪ್ತರಾಗುತ್ತಾರೆಂದು ಅಮರ್ತ್ಯ ಸೇನ್ ಬೇರೊಂದು ಸಂದರ್ಭದಲ್ಲಿ ತೋರಿಸಿಕೊಟ್ಟ ಮಾತು ಇಲ್ಲಿಗೂ ಒಪ್ಪುತ್ತದೆ.

ಮಾತೇ ಆಡಲಾರದವರ ವಿಷಯದಲ್ಲಿ ಏನು ಮಾಡಬೇಕು ಎಂಬುದಕ್ಕೆ ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್‌ನಲ್ಲಿ ಟಾಮ್ ಕಿಟ್‌ವುಡ್ ಒಂದು ದಾರಿ ಹುಡುಕಿದರು. ಒಮ್ಮೆ ಆಂಗ್ಲಿಕನ್ ಪಾದ್ರಿಯಾಗಿದ್ದು ಮುಂದೆ ಮನಶ್ಶಾಸ್ತ್ರದ ಕಡೆಗೆ ಬಂದ ಅವರು, ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯವರಿರುವ ಮನೆಯ ಹಜಾರದಲ್ಲಿ ವೀಕ್ಷಕನೊಬ್ಬ ಗಂಟೆಗಟ್ಟಲೆ ಕುಳಿತು, ಐದು ನಿಮಿಷಕ್ಕೊಮ್ಮೆ ಪ್ರತಿಯೊಬ್ಬ ನಿವಾಸಿ ಏನು ಮಾಡುತ್ತಿದ್ದಾನೆ, ನೆಮ್ಮದಿಯಿಂದಿದ್ದಾನೆಯೇ ಎಂದು ಬರೆದುಕೊಳ್ಳುವ ವಿಧಾನವನ್ನು ರೂಪಿಸಿದರು. 1997ರ ತಮ್ಮ ಪುಸ್ತಕದಲ್ಲಿ ಅವರು, ಕೆಟ್ಟ ಉದ್ದೇಶವಿಲ್ಲದೆಯೇ ಸಿಬ್ಬಂದಿ ಮಾಡುವ, ಆದರೆ ವ್ಯಕ್ತಿತ್ವವನ್ನು ಸವೆಸುವ ಹದಿನೇಳು ಬಗೆಯ ನಡವಳಿಕೆಗಳನ್ನು ಪಟ್ಟಿ ಮಾಡಿದ್ದಾರೆ. ಮಗುವಿನಂತೆ ಕಾಣುವುದು, ಎದುರಿಗಿದ್ದರೂ ಇಲ್ಲದವರಂತೆ ಮಾತಾಡಿಕೊಳ್ಳುವುದು ಅವುಗಳಲ್ಲಿ ಸೇರಿವೆ. ನಿವೃತ್ತ ಹೆಡ್‌ಮಾಸ್ತರರೊಬ್ಬರನ್ನು ಹೆಸರು ಬಿಟ್ಟು ಏಕವಚನದಲ್ಲಿ ಕರೆದು ಎಬ್ಬಿಸುವ ಕನ್ನಡದ ವೃದ್ಧಾಶ್ರಮವಿದ್ದರೆ, ಅಲ್ಲಿನ ಊಟ ಎಷ್ಟೇ ರುಚಿಯಾಗಿರಲಿ, ಆ ಸವೆತ ನಡೆದೇ ಇರುತ್ತದೆ. ಕಿಟ್‌ವುಡ್‌ರ ತತ್ತ್ವದಲ್ಲಿ ಮಾತ್ರ ಒಂದು ಬಿರುಕಿದೆ: ವ್ಯಕ್ತಿತ್ವವೆಂಬುದು ಇತರರು ಸಂಬಂಧದ ಮೂಲಕ ಕೊಡುವ ಸ್ಥಾನ ಎಂದು ಅವರು ತಿಳಿಯುತ್ತಾರೆ, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲೂ ಬರುತ್ತದೆ. ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಬೆಲೆಯಿಂದ ಬೇರ್ಪಡಿಸಿ ಹೇಳಿದ ಘನತೆ ವಿವೇಚನಾಶಕ್ತಿಯನ್ನು ಆಧರಿಸಿರುವುದರಿಂದ, ಆ ಶಕ್ತಿ ಕರಗುತ್ತಿರುವವರ ಪಾಲಿಗೆ ಅದೂ ದುರ್ಬಲವಾಗುತ್ತದೆ. ನೆನಪೂ ಬುದ್ಧಿಯೂ ಹೋದ ಮೇಲೂ ಆತ್ಮಕ್ಕೆ ಕುಂದಿಲ್ಲ ಎನ್ನುವ ಉಪನಿಷತ್ತಿನ ನಿಲುವು, ಅಥವಾ ಪ್ರತಿಯೊಂದು ಜೀವವೂ ದುಃಖವನ್ನು ಬೇಡವೆನ್ನುತ್ತದೆ, ಅಷ್ಟೇ ಅದರ ಹಕ್ಕಿಗೆ ಸಾಕು ಎನ್ನುವ ಜೈನ ನಿಲುವು, ಈ ಒಂದು ವಿಷಯದಲ್ಲಿ ಹೆಚ್ಚು ಗಟ್ಟಿಯಾದ ನೆಲವನ್ನು ಒದಗಿಸುತ್ತವೆ.

ಡೊನಬೇಡಿಯನ್ ತಾವೇ ಕ್ಯಾನ್ಸರ್ ರೋಗಿಯಾಗಿ 2000ದಲ್ಲಿ ತೀರಿಕೊಳ್ಳುವ ಮೊದಲು ನೀಡಿದ ಸಂದರ್ಶನವೊಂದರಲ್ಲಿ, ಗುಣಮಟ್ಟದ ಗುಟ್ಟು ಕೊನೆಗೂ ಪ್ರೀತಿಯೇ ಎಂದೂ, ಪ್ರೀತಿಯಿದ್ದಲ್ಲಿ ಅಲ್ಲಿಂದ ಹಿಂದಕ್ಕೆ ಬಂದು ವ್ಯವಸ್ಥೆಯನ್ನು ಪರಿಶೀಲಿಸಿ ತಿದ್ದಬಹುದೆಂದೂ ಅಭಿಪ್ರಾಯಪಟ್ಟರು. ಈ ಮಾತಿನ ಮೊದಲ ಅರ್ಧವನ್ನು ಮಾತ್ರ ನೆನೆಯುವವರು ಬಹಳ. ಎರಡನೆಯ ಅರ್ಧವೇ ವೃದ್ಧಾಶ್ರಮಗಳಿಗೆ ಹೆಚ್ಚು ಬೇಕಾದದ್ದು, ಏಕೆಂದರೆ ಪ್ರೀತಿ ಇರುವವರೇ ಹುಣ್ಣನ್ನು ಎಣಿಸುತ್ತಾರೆ, ತೂಕ ನೋಡುತ್ತಾರೆ, ತಪ್ಪಿದ ಔಷಧವನ್ನು ಬರೆದಿಡುತ್ತಾರೆ.

ಭಾರತದಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣ ಕಾಯ್ದೆಯು ಹೊಣೆಯನ್ನು ಮೊದಲು ಮಕ್ಕಳ ಮೇಲೆ, ಮಕ್ಕಳಿಲ್ಲದಿದ್ದರೆ ಆಸ್ತಿಗೆ ಬಾಧ್ಯರಾಗುವ ಬಂಧುಗಳ ಮೇಲೆ ಇಡುತ್ತದೆ, ಮತ್ತು ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವಂತಹ ಒಂದು ವೃದ್ಧಾಶ್ರಮದಿಂದ ಮೊದಲುಗೊಂಡು ಇಂತಹ ಮನೆಗಳನ್ನು ಸ್ಥಾಪಿಸಬಹುದೆಂದು ರಾಜ್ಯ ಸರ್ಕಾರಗಳಿಗೆ ಅನುಮತಿ ಕೊಡುತ್ತದೆ. ಸ್ಥಾಪಿಸಲೇಬೇಕೆಂದು ಕಟ್ಟುಮಾಡುವುದಿಲ್ಲ, ಅಲ್ಲಿನ ಸೇವೆಯ ಮಟ್ಟವನ್ನು ಗೊತ್ತುಪಡಿಸುವುದನ್ನೂ ಅವುಗಳ ವಿವೇಚನೆಗೇ ಬಿಡುತ್ತದೆ. ಹೊಣೆಯ ಸರದಿಯಲ್ಲಿ ವಿನಯಪಿಟಕದ ಕ್ರಮವೂ ಈ ಕಾಯ್ದೆಯನ್ನೇ ಹೋಲುತ್ತದೆ: ರೋಗಿಯನ್ನು ಅವನ ಉಪಾಧ್ಯಾಯ ನೋಡಿಕೊಳ್ಳಬೇಕು, ಅವನಿಲ್ಲದಿದ್ದರೆ ಆಚಾರ್ಯ, ಆಮೇಲೆ ಶಿಷ್ಯರು ಮತ್ತು ಸಹಪಾಠಿಗಳು, ಯಾರೂ ಇಲ್ಲದಿದ್ದರೆ ಇಡೀ ಸಂಘ. ವ್ಯತ್ಯಾಸವಿರುವುದು ಕೊನೆಯ ಮೆಟ್ಟಿಲಿನಲ್ಲಿ, ಅಲ್ಲಿ ಸಂಘ ನೋಡಿಕೊಳ್ಳದಿದ್ದರೆ ಅದು ಸಂಘಕ್ಕೆ ತಟ್ಟುವ ದೋಷ. ವೃದ್ಧಾಶ್ರಮಗಳ ನೋಂದಣಿಯನ್ನೂ ಕನಿಷ್ಠ ಮಾನದಂಡಗಳನ್ನೂ ತರಲು 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ ಆ ಲೋಕಸಭೆಯ ಅವಧಿಯಲ್ಲಿ ಕಾಯ್ದೆಯಾಗಲಿಲ್ಲ. ಅಂತಹ ಮಾನದಂಡಗಳು ಬಂದಾಗ ಅವುಗಳನ್ನು ಪರೀಕ್ಷಿಸಲು ಹೋಗುವವರು ದಾನಿಗಳೂ ಆಗಿರಬಾರದು, ಆಡಳಿತ ಮಂಡಳಿಯ ಆಪ್ತರೂ ಆಗಿರಬಾರದು. ಮುನ್ಸೂಚನೆಯಿಲ್ಲದೆ, ರಾತ್ರಿಯ ಹೊತ್ತಿನಲ್ಲೂ ಹೋಗಬೇಕು, ಹಾಸಿಗೆ ಹಿಡಿದವರ ಹೊದಿಕೆ ಸರಿಸಿ ಬೆನ್ನು ನೋಡಬೇಕು, ಮತ್ತು ಆಯಾಗಳಿಗೆ ಸಂಬಳ ಎಷ್ಟು, ವಾರಕ್ಕೊಂದು ರಜೆಯಾದರೂ ಇದೆಯೇ ಎಂದು ವಿಚಾರಿಸಬೇಕು.