ದೂರದ ದುಃಖ, ಹತ್ತಿರದ ಋಣ

ಗುಡ್ಡ ಹತ್ತಿ ಬಂದ ಭಕ್ತ ಕಾಯಿ ಒಡಿಸಿ, ಮಂಗಳಾರತಿ ತಗೊಂಡು ದೇವರ ಮುಂದೆ ಎರಡು ಮಾತು ಹೇಳುತ್ತಾನೆ. "ನನ್ನ ಮನೆಮಂದಿನ್ನ ಕಾಪಾಡಪ್ಪಾ" ಅನ್ನುವುದು ಒಂದು. "ಇಲ್ಲೀತನಕ ಕಾಪಾಡಿದಿ, ನಿನ್ನ ಉಪಕಾರ ಮರೆಯೂದಿಲ್ಲ" ಅನ್ನುವುದು ಇನ್ನೊಂದು. ಎರಡೂ ಒಳ್ಳೆಯ ಮಾತೇ. ಆದರೆ ಮೂರನೆಯ ಮಾತು ಉಳಿದುಬಿಡುತ್ತದೆ. ಅದು ಕಷ್ಟದಲ್ಲಿರುವ ಪರರ ಸಲುವಾಗಿ ಆಡುವ ಮಾತು.

2024ರ ಜುಲೈ 16ರ ಮುಂಜಾನೆ ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಅಗಲ ಮಾಡಲು ಗುಡ್ಡ ಕಡಿದಿದ್ದರು, ಅದರ ಮೇಲೆ ಬಿಡದೆ ಸುರಿದ ಮಳೆ. ದಾರಿ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿದವರು ಮಣ್ಣಿನ ಪಾಲಾದರು. ಮಣ್ಣು ಗಂಗಾವಳಿ ಹೊಳೆಗೆ ಬಿದ್ದ ರಭಸಕ್ಕೆ ಆಚೆ ದಡದ ಉಳುವರೆಗೂ ನೀರು ನುಗ್ಗಿ ಮನೆಗಳು ಬಿದ್ದವು. ಕೇರಳದ ಒಬ್ಬ ಲಾರಿ ಚಾಲಕನ ದೇಹ ಹೊಳೆಯ ತಳದಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ, ಅಂದರೆ 72ನೆಯ ದಿನ.

ಬಾಗಲಕೋಟೆ ಜಿಲ್ಲೆಯಲ್ಲೂ ಒಂದು ಶಿರೂರು ಇದೆ. ಟಿ.ವಿ.ಯಲ್ಲಿ "ಶಿರೂರು ಗುಡ್ಡ ಕುಸಿತ" ಅಂತ ಬಂದಾಗ ಈ ಊರಿಗೆ ಮಗಳನ್ನು ಕೊಟ್ಟವರ ಎದೆ ಧಸಕ್ಕೆನ್ನದೆ ಇದ್ದೀತೆ? ಅದು ಬೇರೆ ಶಿರೂರು ಅಂತ ತಿಳಿದ ಕೂಡಲೇ "ದೇವರು ದೊಡ್ಡಾಂವ, ನಮ್ಮೂರಲ್ಲ" ಅನ್ನುವುದು ಮನುಷ್ಯ ಸಹಜ. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಆ ಕೃತಜ್ಞತೆ ಅರ್ಧ. ಒಂದು ಶಿರೂರನ್ನು ಕಾದು ಇನ್ನೊಂದನ್ನು ಕೈಬಿಡುವ ಲೆಕ್ಕ ದೇವರದ್ದಲ್ಲ. "ಸತ್ತವರ ಕರ್ಮ" ಅನ್ನುವುದಂತೂ ಆಡಬಾರದ ಮಾತು. ಚಹಾ ಕುಡಿಯಲು ನಿಂತವರು ಯಾವ ಪಾಪ ಮಾಡಿದ್ದರು?

ಇನ್ನೂ ಒಂದು ವಿಚಾರ. ಬಾಗಲಕೋಟೆ ಸೀಮೆಯಲ್ಲಿ ಮಳೆ ಕಡಿಮೆ. ಇಲ್ಲಿಯ ಹೊಳೆಗಳು ತುಂಬುವುದು ಘಟ್ಟದ ಮಳೆಯಿಂದ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಕೃಷ್ಣೆ ಮಹಾಬಳೇಶ್ವರದಲ್ಲಿ. ಸಹ್ಯಾದ್ರಿಯ ಅದೇ ಮುಂಗಾರು ಇತ್ತ ಹೊಲಕ್ಕೆ ನೀರು ಕೊಟ್ಟಿತು, ಅತ್ತ ಗುಡ್ಡ ಇಳಿಸಿತು. ಗಂಗಾಪೂಜೆ ಮಾಡಿ ಬಾಗಿನ ಬಿಡುವಾಗ, ಅದೇ ಮಳೆಯಲ್ಲಿ ಮನೆಮಂದಿಯನ್ನು ಕಳಕೊಂಡವರ ನೆನಪು ಬಾರದಿದ್ದರೆ ಪೂಜೆ ಪೂರ್ತಿ ಆದೀತೇ?

ಈ ಋಣ ಹೊಸದಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಉತ್ತರ ಕರ್ನಾಟಕದಿಂದ ಜೋಳದ ರೊಟ್ಟಿ ಕಟ್ಟಿಕೊಂಡು ಗಾಡಿಗಳು ಹೋದವು. ಮರುವರ್ಷ ಆಗಸ್ಟ್‌ನಲ್ಲೇ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೂ ನೀರು ಬಂತು. ಆಗ ತೆಂಕಣ ಜಿಲ್ಲೆಗಳಿಂದ ಅಕ್ಕಿ, ಹಾಸಿಗೆ, ಅರಿವೆ ಬಂದವು. ಇಂದು ಕೊಡುವ ಕೈ ನಾಳೆ ಬೇಡುವ ಕೈ ಆದೀತು. ಹೀಗಿರುವಾಗ ಯಾರು ದೂರದವರು?

ಕೃಷ್ಣೆ ಮಲಪ್ರಭೆ ಕೂಡುವ ಕೂಡಲಸಂಗಮದಲ್ಲಿ ಐಕ್ಯರಾದ ಬಸವಣ್ಣನವರು ದಾಸೋಹ ಕಲಿಸಿದರು. ದಾಸೋಹ ಅಂದರೆ ಉಂಡು ಮಿಕ್ಕಿದ್ದನ್ನು ಹಾಕುವುದಲ್ಲ, ಉಣ್ಣುವ ಮೊದಲೇ ಪಾಲು ತೆಗೆದಿಡುವುದು. ಹರಕೆ ತೀರಿಸುವ ಭಕ್ತ ಹರಕೆಯ ಹಣದಲ್ಲಿ ಒಂದು ಪಾಲನ್ನು ಸಂತ್ರಸ್ತರಿಗೆ ಮುಟ್ಟಿಸಿದರೆ ದೇವರು ಮುನಿಯುವುದಿಲ್ಲ. ಕೊಡಲು ಇಲ್ಲದವನು ಗುಡ್ಡದ ಒಂದು ಗಿಡ ಕಡಿಯದೆ ಉಳಿಸಲಿ, ಅದೂ ಸೇವೆಯೇ. ಟಿ.ವಿ. ಸುದ್ದಿ ಹತ್ತು ದಿನಕ್ಕೆ ಮುಗಿಯುತ್ತದೆ. ಹೊಳೆ ದಂಡೆಯಲ್ಲಿ ಕಾದವರ ದುಃಖ 72 ದಿನಕ್ಕೂ ಮುಗಿಯಲಿಲ್ಲ. ಗುಡ್ಡ ಇಳಿಯುವ ಮುನ್ನ ಅವರ ಹೆಸರಿನಲ್ಲಿ ಒಂದು ದೀಪ ಹಚ್ಚಿರಿ.

ಸರ್ವರಿಗೂ ಸನ್ಮಂಗಳವಾಗಲಿ.